ಬೆಂಚಿನಿಂದ ಜಗಲಿಗೆ

ಗುಂಪು: ಹಳೇಮನೆ ಬಳಗ

ಚಿಕ್ಕಪ್ಪ: (ಹಲವು ಬಾರಿ ಫಾರ್ವರ್ಡ್ ಆಗಿದೆ) ಈ ಕಾಂಕ್ರೀಟ್ ಬೆಂಚ್ ನೋಡಿ. ಬಡವರು ಮಲಗಬಾರದು ಅಂತಲೇ ಹೀಗೆ ಮಾಡಿದ್ದಾರೆ!! ನಾಳೆ ನಮ್ಮೂರಿಗೂ ಬರುತ್ತೆ. ಎಲ್ಲರಿಗೂ ಕಳಿಸಿ 🙏

ಅಪ್ಪು: ಎಲ್ಲಿಯದು? ಯಾವಾಗಿನದು?

ಚಿಕ್ಕಪ್ಪ: ಅಮೆರಿಕಾದ್ದು. ಬ್ಯಾಂಕಿನ ಗುಂಪಲ್ಲಿ ಬಂತು.

ಅಪ್ಪು: ಅಮೆರಿಕಾ ಅಲ್ಲ, ಲಂಡನ್ನಿನ ಕ್ಯಾಮ್ಡೆನ್. 2012ರಲ್ಲಿ ಅಲ್ಲಿನ ಸ್ಥಳೀಯ ಆಡಳಿತವೇ ಮಾಡಿಸಿದ್ದು. ಎಲ್ಲೂ ಮಟ್ಟಸ ಇಲ್ಲ, ಮಲಗಿದ್ರೆ ಜಾರ್ತಾರೆ. ಸ್ಕೇಟ್‌ಬೋರ್ಡ್ ಉಜ್ಜೋಕಾಗಲ್ಲ, ಡ್ರಗ್ಸ್ ಬಚ್ಚಿಡೋಕೆ ಸಂದಿ ಇಲ್ಲ. ಬ್ಯಾಗ್ ಇಡೋಕೆ ಮಾತ್ರ ಕಾಲ ಹಿಂದೆ ಜಾಗ ಬಿಟ್ಟಿದ್ದಾರೆ, ಕಳ್ಳರ ಕೈಗೆ ಸಿಗದ ಹಾಗೆ. ಯಾರು ಕೂರಬೇಕು, ಯಾರು ಕೂರಬಾರದು ಅಂತ ಮೊದಲೇ ತೀರ್ಮಾನ ಆಗಿದೆ.

ಚಿಕ್ಕಪ್ಪ: ನಾನೂ ಅದನ್ನೇ ಹೇಳಿದ್ದು!

ಅಪ್ಪು: ದೇಶ ತಪ್ಪು ಹೇಳಿದ್ರಿ. ಆಮೇಲೆ ನಡುವೆ ಕೈ ಊರೋ ಸರಳಿರೋ ಬೆಂಚನ್ನೆಲ್ಲ ಆ ಮೆಸೇಜಲ್ಲಿ ಇದೇ ಲೆಕ್ಕಕ್ಕೆ ಸೇರಿಸಿದ್ದಾರೆ. ಮಂಡಿನೋವಿನವರಿಗೆ ಏಳೋಕೆ ಅದು ಬೇಕು.

ದೊಡ್ಡಪ್ಪ: ಅತಿಥಿ ದೇವೋ ಭವ ಎಂದ ನಾಡು ನಮ್ಮದು. ದಾರಿಹೋಕರಿಗೆಂದೇ ಜಗಲಿ ಕಟ್ಟಿಸಿದವರು ನಮ್ಮ ಹಿರಿಯರು. ಈಗಿನವರು ಕಲಿಯಬೇಕು.

ಪುಟ್ಟಕ್ಕ: ಅಯ್ಯೋ ಆ ಕೆಂಪು ಜಗಲಿ! ಬೇಸಿಗೆ ರಜೇಲಿ ಮಲಗಿದ್ರೆ ಬೆನ್ನಿಗೆ ಎಷ್ಟು ತಂಪು. ರೆಡ್ ಆಕ್ಸೈಡಿಗೆ ತೆಂಗಿನೆಣ್ಣೆ ಹಾಕಿ ಉಜ್ಜೋರು, ಮುಖ ಕಾಣ್ತಿತ್ತು. ಅಜ್ಜನ ಎಲೆಪೆಟ್ಟಿಗೆ, ಕಂಬಕ್ಕೆ ಒರೆಸಿದ ಸುಣ್ಣ...

ಚಿಕ್ಕಪ್ಪ: ಅದಕ್ಕೆ ಗ್ರಿಲ್ ಹಾಕಿಸಿದ್ದು ಯಾರಣ್ಣ?

ದೊಡ್ಡಪ್ಪ: ಅಡಿಕೆ ಕಳ್ಳರ ಕಾಟ ಇತ್ತು. ನೀನು ಬೆಂಗಳೂರಲ್ಲಿದ್ದೆ. ಮನೆ ಕಾದವನು ನಾನು.

ಚಿಕ್ಕಪ್ಪ: ಅರ್ಧ ಖರ್ಚು ನನ್ನಿಂದ ತಗೊಂಡೆ. ಹಾಕಿಸ್ಲಾ ಅಂತ ಒಂದು ಮಾತು ಕೇಳ್ಲಿಲ್ಲ.

ಅಪ್ಪು: ಬೆಂಚಿನ ವಿಷಯ...

ಸಣ್ಣತ್ತೆ: ದಾರಿಹೋಕರೆಲ್ಲ ಕೂರ್ತಿದ್ರಾ ಅಣ್ಣ? ತೋಟದ ಕೆಲಸಕ್ಕೆ ಬರ್ತಿದ್ದವರು ಅಂಗಳದಲ್ಲೇ ನಿಲ್ತಿದ್ರು. ಬೊಗಸೆ ಒಡ್ಡಿದ್ರೆ ಮೇಲಿಂದ ನೀರು ಹೊಯ್ಯೋದು. ಹತ್ತು ವರ್ಷದವಳಿದ್ದಾಗ ನಾನೇ ಹೊಯ್ದಿದ್ದೀನಿ. ಇದ್ದದ್ದು ಮೂರೇ ಮೆಟ್ಟಿಲು. ಹತ್ತಬೇಡಿ ಅಂತ ಯಾರೂ ಬಾಯಿಬಿಟ್ಟು ಹೇಳಿದ್ದು ನಾನು ಕೇಳಿಲ್ಲ, ಆದ್ರೂ ಯಾರೂ ಹತ್ತುತ್ತಿರ್ಲಿಲ್ಲ. ನಾವು ಹೆಣ್ಣುಮಕ್ಕಳು ಕೂತಿದ್ದೂ ಗಂಡಸರು ಎದ್ದುಹೋದ ಮೇಲೆ.

ದೊಡ್ಡಪ್ಪ: ಆ ಕಾಲವೇ ಹಾಗಿತ್ತು. ಹೋದವರನ್ನು ಮಕ್ಕಳ ಮುಂದೆ ಹೀಗೆ ಅವಮಾನ ಮಾಡಬಾರದು.

ಸಣ್ಣತ್ತೆ: ಅವಮಾನ ಅಲ್ಲಣ್ಣ. ನೀರು ಹೊಯ್ದ ಕೈ ನಂದು.

ಚಿಕ್ಕಪ್ಪ: (ಈ ಸಂದೇಶವನ್ನು ಅಳಿಸಲಾಗಿದೆ)

ಪುಟ್ಟಕ್ಕ: ಗ್ರಿಲ್ ಹಾಕೋಕೆ ಮುಂಚಿನ ಫೋಟೋ ಯಾರ ಹತ್ರನಾದ್ರೂ ಇದ್ಯಾ?

ದೊಡ್ಡಪ್ಪ: ಬೀರುವಿನಲ್ಲಿ ಒಂದಿದೆ. ನಾಳೆ ಹಾಕುತ್ತೇನೆ.

ಸಣ್ಣತ್ತೆ: ಅಂಗಳವೂ ಕಾಣೋ ಹಾಗೆ ಹಾಕಣ್ಣ.