ಭಾವನ ಬಟವಾಡೆ ಶೀಟಿಗೆ ಉತ್ತರ

ಭಾವ, ಬೆಳಿಗ್ಗೆ ನೀವು ಗ್ರೂಪಿಗೆ ಹಾಕಿದ್ದ ಫೋಟೋ ಈಗ ನೋಡಿದೆ. ಕಾಫಿ ಕುಯ್ಲಿನ ಬಟವಾಡೆ ಶೀಟಲ್ಲಿ ಅಡ್ವಾನ್ಸ್ ಕಾಲಂ ಕೆಲವರಿಗೆ ಹ್ಯಾಶ್ ಎನ್‌ಎ, ಅಂದ್ರೆ ಹುಡುಕಿದ್ದು ಸಿಗಲಿಲ್ಲ, ಅಂತ ತೋರಿಸ್ತಿದೆ, ಇನ್ನು ಕೆಲವರಿಗೆ ಬೇರೆಯವರ ಅಡ್ವಾನ್ಸ್ ಬಂದು ಕೂತಿದೆ, ಯಾಕೆ ಅಂತ ಕೇಳಿದ್ರಿ. ಟೈಪ್ ಮಾಡೋಕೆ ಹೋದ್ರೆ ರಾತ್ರಿ ಆಗುತ್ತೆ, ಮಾತಾಡಿಬಿಡ್ತೀನಿ. ಅಕ್ಕ, ನೀನೂ ಕೇಳಿಸ್ಕೋ, ಕೊನೆಗೆ ಆ ಶೀಟ್ ತುಂಬೋದು ನೀನೇ ತಾನೆ.

ಫೋಟೋದಲ್ಲಿ ಫಾರ್ಮುಲಾ ಕಾಣ್ತಿದೆ, ಪಟ್ಟಿಯಲ್ಲಿ ಹೆಸರು ಹುಡುಕಿ ಅದೇ ಸಾಲಿನ ಅಡ್ವಾನ್ಸ್ ತಂದುಕೊಡೋ ವಿಲುಕಪ್. ವಿಲುಕಪ್, ಬ್ರಾಕೆಟ್, ಬಿ2, ಆಮೇಲೆ ಹೆಸರಿನ ಶೀಟಿನ ಎ2 ಇಂದ ಡಿ40, ಆಮೇಲೆ 4, ಅಂದ್ರೆ ನಾಲ್ಕನೇ ಕಾಲಂ, ಬ್ರಾಕೆಟ್ ಕ್ಲೋಸ್. ಆ 4 ಆದ್ಮೇಲೆ ಒಂದು ಕಾಮಾ, ಒಂದು ಸೊನ್ನೆ ಹಾಕ್ಲೇಬೇಕು ಭಾವ. ಸೊನ್ನೆ ಇಲ್ಲ ಅಂದ್ರೆ ಎಕ್ಸೆಲ್ 'ಹತ್ತಿರದ್ದು ಸಿಕ್ಕಿದ್ರೂ ಸಾಕು' ಅಂತ ತಿಳ್ಕೊಳ್ಳುತ್ತೆ, ಪಟ್ಟಿ ಅಕ್ಷರದ ಕ್ರಮದಲ್ಲೇ ಇದೆ ಅಂತಲೂ ನಂಬಿಬಿಡುತ್ತೆ. ನಿಮ್ಮ ಪಟ್ಟಿ ಇರೋದು ಕೆಲಸದವರ ಲೈನ್ ಮನೆ ಸಾಲಿನ ಪ್ರಕಾರ. ಅದಕ್ಕೇ ಯಾರದ್ದೋ ಸಾಲ ಯಾರ ತಲೆಗೋ. ಎನ್‌ಎ ಬಂದ್ರೆ ಕಣ್ಣಿಗಾದ್ರೂ ಬೀಳುತ್ತೆ. ತಪ್ಪು ಮೊತ್ತ ಹಾಗಲ್ಲ, ಬಟವಾಡೆ ದಿನ ಜಗಳ ಶುರುವಾಗೋ ತನಕ ಗೊತ್ತೇ ಆಗಲ್ಲ.

ಇನ್ನೊಂದು, ಫಾರ್ಮುಲಾದಲ್ಲಿ ಎ2 ಡಿ40 ಅನ್ನೋದನ್ನ ಸೆಲೆಕ್ಟ್ ಮಾಡಿ ಎಫ್4 ಒತ್ತಿ, ಡಾಲರ್ ಗುರುತು ಬರುತ್ತೆ. ಕೆಲವು ಲ್ಯಾಪ್‌ಟಾಪಲ್ಲಿ ಎಫ್‌ಎನ್ ಕೀಯನ್ನೂ ಜೊತೆಗೆ ಒತ್ತಬೇಕು. ಡಾಲರ್ ಇಲ್ಲ ಅಂದ್ರೆ ನೀವು ಫಾರ್ಮುಲಾನ ಕೆಳಗೆ ಎಳೆದ ಹಾಗೆಲ್ಲ ಪಟ್ಟಿಯೂ ಜಾರುತ್ತೆ, ಎ3 ಡಿ41, ಎ4 ಡಿ42, ಹೀಗೆ. ಕೆಳಗಿನ ಸಾಲಿಗೆ ಬರೋಷ್ಟರಲ್ಲಿ ಮೊದಲ ಲೈನ್ ಮನೆಯವರೆಲ್ಲ ಪಟ್ಟಿಯಿಂದ ಹೊರಗೆ.

ಇಷ್ಟು ಮಾಡಿದ್ರೂ ಎನ್‌ಎ ಪೂರ್ತಿ ಹೋಗಲ್ಲ ನೋಡಿ. ಯಾಕೆ ಅಂದ್ರೆ ಆ ಹೆಸರಿನ ಪಟ್ಟಿ ತೋಟದ ಲೆಕ್ಕ ಬರೀತಿದ್ದ ಹಳೇ ರೈಟರ್ ಮಾಡಿಟ್ಟಿದ್ದು, ಕನ್ನಡ ಟೈಪ್ ಮಾಡೋ ನುಡಿ ಸಾಫ್ಟ್‌ವೇರಿನ ಹಳೇ ಫಾಂಟಲ್ಲಿ. ಈಗ ಅಕ್ಕ ತೂಕ ಹಾಕ್ತಿರೋದು ಮೊಬೈಲಲ್ಲಿ, ಯೂನಿಕೋಡ್ ಕನ್ನಡ. ನಮ್ಮ ಕಣ್ಣಿಗೆ ಎರಡೂ 'ಲಕ್ಷ್ಮಿ' ನೇ. ಎಕ್ಸೆಲ್‌ಗೆ ಹಾಗಲ್ಲ, ಹಳೇ ನುಡಿ ಫಾಂಟಲ್ಲಿ ಒಳಗಿರೋದು ಇಂಗ್ಲಿಷ್ ಅಕ್ಷರ, ಚಿಹ್ನೆಗಳು. ಫಾಂಟ್ ಅದಕ್ಕೆ ಕನ್ನಡದ ವೇಷ ಹಾಕಿರುತ್ತೆ ಅಷ್ಟೇ. ಬೇಕಾದ್ರೆ ಆ ಪಟ್ಟಿಯ ಒಂದು ಸೆಲ್‌ಗೆ ಏರಿಯಲ್ ಫಾಂಟ್ ಕೊಟ್ಟು ನೋಡಿ, ಲಕ್ಷ್ಮಿ ಹೋಗಿ ಏನೇನೋ ಗೀಟು ಬರುತ್ತೆ. ಆ ಹೆಸರನ್ನೆಲ್ಲ ಯೂನಿಕೋಡಿಗೆ ಕನ್ವರ್ಟ್ ಮಾಡ್ಬೇಕು, ಇಲ್ಲ ಹೊಸದಾಗಿ ಹೊಡೀಬೇಕು, ಬೇರೆ ದಾರಿ ಇಲ್ಲ.

ಮೊಬೈಲ್ ಕೀಬೋರ್ಡಿನದು ಬೇರೆ ಕಾಟ. ಮೇಲೆ ತೋರಿಸೋ ಪದ ಒತ್ತಿದ್ರೆ ಹಿಂದೆ ಒಂದು ಸ್ಪೇಸ್ ತಾನೇ ಸೇರಿಸಿಬಿಡುತ್ತೆ. ಪತ್ತೆ ಹಚ್ಚೋಕೆ ಪಕ್ಕದ ಸೆಲ್‌ನಲ್ಲಿ ಅಕ್ಷರ ಎಣಿಸೋ ಲೆನ್ ಫಾರ್ಮುಲಾ ಹಾಕಿ. 'ಲಕ್ಷ್ಮಿ' ನಮಗೆ ಎರಡಕ್ಷರ, ಲೆನ್ 7 ಅನ್ನುತ್ತೆ, ಒತ್ತು ಗುಣಿತ ಎಲ್ಲ ಬೇರೆ ಬೇರೆ ಎಣಿಸುತ್ತೆ. 8 ಬಂತು ಅಂದ್ರೆ ಹಿಂದೆ ಸ್ಪೇಸ್ ಕೂತಿದೆ. ಟ್ರಿಮ್ ಹಾಕಿದ್ರೆ ಹೋಗುತ್ತೆ.

ಆದ್ರೆ ನನ್ನ ಕೇಳಿದ್ರೆ ಹೆಸರಿಟ್ಟು ಹುಡುಕೋದನ್ನೇ ಬಿಟ್ಬಿಡಿ ಭಾವ. ಲೈನಲ್ಲಿ ಇಬ್ಬರು ಲಕ್ಷ್ಮಿ ಇದ್ದಾರೆ ಅಂತ ನೀವೇ ಹೇಳ್ತಿದ್ರಿ. ವಿಲುಕಪ್ ಮೊದಲು ಸಿಕ್ಕ ಲಕ್ಷ್ಮಿ ಹತ್ರಾನೇ ನಿಂತ್ಬಿಡುತ್ತೆ, ಎರಡನೆಯವರನ್ನ ನೋಡೋದೇ ಇಲ್ಲ. ಚೆಕ್‌ರೋಲಲ್ಲಿ, ಅದೇ ಹಾಜರಿ ಪಟ್ಟೀಲಿ, ಪ್ರತಿಯೊಬ್ಬರಿಗೂ ಒಂದು ನಂಬರ್ ಕೊಡಿ, ಅದನ್ನ ಪಟ್ಟಿಯ ಮೊದಲ ಕಾಲಂನಲ್ಲಿಡಿ. ವಿಲುಕಪ್ ಹುಡುಕೋದು ಮೊದಲ ಕಾಲಂನಲ್ಲಿ ಮಾತ್ರ, ಎಡಕ್ಕೆ ತಿರುಗಿ ನೋಡಲ್ಲ. ನಂಬರ್ ಸೆಲ್‌ನ ಎಡಕ್ಕೆ ಅಂಟಿಕೊಂಡು, ಮೂಲೇಲಿ ಹಸಿರು ತ್ರಿಕೋನ ಕಂಡ್ರೆ ಅದು ಟೆಕ್ಸ್ಟ್ ಆಗಿದೆ ಅಂತ, ಅದನ್ನ ಒತ್ತಿ ನಂಬರ್ ಮಾಡ್ಕೊಳ್ಳಿ.

ಅಡ್ವಾನ್ಸ್ ವಿಷಯಕ್ಕೆ ಬಂದ್ರೆ, ಒಬ್ಬರೇ ಹಬ್ಬಕ್ಕೆ ಸ್ವಲ್ಪ, ಆಸ್ಪತ್ರೆಗೆ ಸ್ವಲ್ಪ ಅಂತ ಎರಡು ಮೂರು ಸಲ ತಗೊಂಡಿರ್ತಾರೆ. ಅಲ್ಲಿ ವಿಲುಕಪ್ ಕೊಡೋದು ಮೊದಲನೇ ಸಲದ್ದು ಮಾತ್ರ. ಅಡ್ವಾನ್ಸನ್ನ ಬೇರೆ ಶೀಟಲ್ಲಿ ತಾರೀಕಿನ ಜೊತೆ ಬರೀತಾ ಹೋಗಿ, ಆ ನಂಬರಿಂದು ಒಟ್ಟು ಎಷ್ಟು ಅಂತ ಸಮ್‌ಇಫ್ ಹಾಕಿ ತಗೊಳ್ಳಿ.

ಗ್ರೂಪಲ್ಲಿ ನನ್ನ ತಮ್ಮ ಏನೋ ಹಾಕಿದ್ದಾನೆ ನೋಡಿ, 'ಇಫ್‌ಎರರ್ ಹಾಕಿ ಸೊನ್ನೆ ಕೊಟ್ಬಿಡಿ, ಶೀಟ್ ಕ್ಲೀನ್ ಆಗುತ್ತೆ' ಅಂತ, ಅಂದ್ರೆ ಎರರ್ ಬಂದ ಕಡೆಯೆಲ್ಲ ಸೊನ್ನೆ ತೋರಿಸೋದು. ಬೇಡಪ್ಪಾ ಬೇಡ. ನಂಬರ್ ತಪ್ಪಾಗಿ ಹೊಡೆದ್ರೂ ಅಡ್ವಾನ್ಸ್ ಸೊನ್ನೆ ಅಂತ ತೋರಿಸುತ್ತೆ, ನೀವು ಪೂರ್ತಿ ಕೂಲಿ ಎಣಿಸಿ ಕೊಟ್ಟು ಕಳಿಸ್ತೀರ. ಸಮ್‌ಇಫ್ ಕೂಡ ನಂಬರ್ ಸಿಗದಿದ್ರೆ ಸದ್ದಿಲ್ಲದೆ ಸೊನ್ನೆ ಕೊಡೋ ಜಾತಿಯದ್ದೇ. ಅದಕ್ಕೇ ಪಕ್ಕದಲ್ಲಿ ಹೆಸರಿನ ಕಾಲಂ ಇಟ್ಟು, ಅದಕ್ಕೆ ವಿಲುಕಪ್ ಹಾಕಿ, ಸಿಗದಿದ್ರೆ 'ಹೆಸರಿಲ್ಲ' ಅಂತ ಬರೋ ಹಾಗೆ ಮಾಡಿ.

ಈಗ ಒಂದು ತಮಾಷೆ. ವಿಲುಕಪ್‌ನ ಆ ಕೊನೇ ಸೊನ್ನೆ ಹಾಕಲೇಬಾರದ ಜಾಗವೂ ಒಂದಿದೆ, ನಿಮ್ಮ ಕೆಜಿ ಲೆಕ್ಕದ ಕೂಲಿ. ಹೆಚ್ಚು ಕುಯ್ದವರಿಗೆ ಹೆಚ್ಚು ರೇಟ್ ಕೊಡೋಕೆ ಇಫ್ ಒಳಗೆ ಇಫ್, ಅದರೊಳಗೆ ಇನ್ನೊಂದು ಇಫ್ ಹಾಕಿದ್ದೀರಲ್ಲ, ಅದೆಲ್ಲ ಬೇಕಾಗಿಲ್ಲ. ಒಂದು ಪುಟ್ಟ ಪಟ್ಟಿ ಮಾಡಿ. ಸುಮ್ನೆ ಉದಾಹರಣೆಗೆ, 0 ಮುಂದೆ 4 ರೂಪಾಯಿ, 80 ಮುಂದೆ 4.50, 120 ಮುಂದೆ 5. ವಿಲುಕಪ್‌ನ ಕೊನೇಲಿ ಸೊನ್ನೆ ಬದಲು 1 ಹಾಕಿ. 119 ಕೆಜಿ ತಂದವರಿಗೆ 4.50 ಹಿಡಿಯುತ್ತೆ, 120 ಮುಟ್ಟಿದ್ರೆ 5. ಪಟ್ಟಿ ಚಿಕ್ಕದರಿಂದ ದೊಡ್ಡದಕ್ಕೆ ಇರ್ಬೇಕು, ಅಷ್ಟೇ ಷರತ್ತು. ಮುಂದಿನ ವರ್ಷ ರೇಟ್ ಏರಿದ್ರೆ ಪಟ್ಟಿ ತಿದ್ದಿದ್ರೆ ಆಯ್ತು. ಹಳೇ ಶೀಟನ್ನ ಮಾತ್ರ ಕಾಪಿ ತೆಗೆದಿಡಿ, ಇಲ್ಲಾಂದ್ರೆ ಹೋದ ವರ್ಷದ ಲೆಕ್ಕವೂ ಹೊಸ ರೇಟಿಗೆ ಬದಲಾಗಿಬಿಡುತ್ತೆ.

ಎಕ್ಸ್‌ಲುಕಪ್ ಅಂತ ಇದೆ, ಅದಕ್ಕೆ ಎಡ ಬಲ ಅನ್ನೋ ಭೇದ ಇಲ್ಲ, ಕೊನೇ ಸೊನ್ನೆಯ ರಗಳೆಯೂ ಇಲ್ಲ. ಆದ್ರೆ ಎಕ್ಸೆಲ್ 2021 ಅಥವಾ ಅದಕ್ಕಿಂತ ಹೊಸದು, ಇಲ್ಲ 365 ಬೇಕು. ನಿಮ್ಮ ಲ್ಯಾಪ್‌ಟಾಪಲ್ಲಿರೋದು 2016, ಹ್ಯಾಶ್ ನೇಮ್, ಅಂದ್ರೆ ಈ ಹೆಸರೇ ಗೊತ್ತಿಲ್ಲ, ಅಂತ ಮುಖ ತಿರುಗಿಸುತ್ತೆ. ಗೂಗಲ್ ಶೀಟ್ಸಲ್ಲಿ ಕೆಲಸ ಮಾಡುತ್ತೆ, ದುಡ್ಡೂ ಕೊಡ್ಬೇಕಾಗಿಲ್ಲ.

ಹಾಂ, ಚಿಕ್ಕಪ್ಪ, ನಿಮ್ಮ ಮಳೆ ಲೆಕ್ಕ. ಹೋದ ವರ್ಷ ಇದೇ ತಾರೀಕಿಗೆ ಎಷ್ಟಾಗಿತ್ತು ಅಂತ ಪಕ್ಕದಲ್ಲೇ ಬರಬೇಕು ಅಂದ್ರಲ್ಲ, ಬರುತ್ತೆ. ವಿಲುಕಪ್‌ನಲ್ಲಿ ಹುಡುಕೋ ತಾರೀಕಿನ ಜಾಗದಲ್ಲಿ ಇ-ಡೇಟ್ ಫಾರ್ಮುಲಾ ಹಾಕಿ ಮೈನಸ್ 12 ಕೊಟ್ರೆ ಹನ್ನೆರಡು ತಿಂಗಳು ಹಿಂದಕ್ಕೆ ಹೋಗುತ್ತೆ. ತಾರೀಕಿನ ಮಧ್ಯೆ ಚುಕ್ಕಿ ಬೇಡ, ಅಡ್ಡಗೀಟು ಹಾಕಿ. ಮಳೆನ '1 ಇಂಚು 20 ಸೆಂಟು' ಅಂತ ಬರೆದ್ರೆ ಕೂಡೋಕಾಗಲ್ಲ, 1.20 ಅಂತ ಬರೀರಿ, ಇಂಚಿನ ನೂರನೇ ಒಂದು ಭಾಗ ತಾನೆ ಸೆಂಟು. 5 ಸೆಂಟಿಗೆ 0.05, 0.5 ಅಲ್ಲ. ತಮ್ಮನ ಇಫ್‌ಎರರ್ ಸೊನ್ನೆ ಇಲ್ಲಿ ಧಾರಾಳವಾಗಿ ಹಾಕ್ಬಹುದು, ಮಳೆ ಬರದ ದಿನ ನೀವು ಮಳೆ ಪುಸ್ತಕ ತೆಗೆಯೋದೇ ಇಲ್ವಲ್ಲ, ಸಿಗದ ತಾರೀಕು ಅಂದ್ರೆ ಮಳೆ ಸೊನ್ನೆ ಅಂತಲೇ.