ಮಗುವಿನ ಜ್ವರ: ಅಂಕಿಯನ್ನು ಇಳಿಸಬೇಕೇ, ಮಗುವನ್ನು ನೋಡಬೇಕೇ?

ತೋಟದಮನೆ, ಸೋಮವಾರಪೇಟೆ
ನನ್ನ ಎರಡು ವರ್ಷದ ಮಗನಿಗೆ ನಿನ್ನೆಯಿಂದ ಜ್ವರವಿದೆ. ಕಂಕುಳಲ್ಲಿ ಥರ್ಮಾಮೀಟರ್ ಇಟ್ಟು ನೋಡಿದಾಗ 102 ಡಿಗ್ರಿ ಇತ್ತು; ಪ್ಯಾರಸಿಟಮಾಲ್ ಕೊಟ್ಟ ಮೇಲೆ 100.6ಕ್ಕೆ ಇಳಿದು, ಈಗ ಗಂಜಿ ಕುಡಿದು ಆಡುತ್ತಿದ್ದಾನೆ. 98.6ಕ್ಕೆ ಬರುವ ತನಕ ಔಷಧಿ ನಿಲ್ಲಿಸಬಾರದು, ಇಲ್ಲದಿದ್ದರೆ ಜ್ವರ ನೆತ್ತಿಗೇರಿ ಫಿಟ್ಸ್ ಬರುತ್ತದೆ, ನಿದ್ದೆಯಿಂದ ಎಬ್ಬಿಸಿಯಾದರೂ ಕುಡಿಸು ಎನ್ನುತ್ತಾರೆ ನಮ್ಮ ಅತ್ತೆಯವರು. ತಿಳಿದವರು ಹೇಳಬೇಕು.

ನಿವೃತ್ತ ದಾದಿ, ಮಡಿಕೇರಿ
ಆಡುತ್ತಿರುವ, ಕುಡಿಯುತ್ತಿರುವ ಮಗುವನ್ನು ಅಂಕಿಗಾಗಿ ಎಬ್ಬಿಸಬೇಕಾಗಿಲ್ಲ. ಸೋಂಕು ತಗುಲಿದಾಗ ಮೆದುಳೇ ಮೈಯ ಶಾಖದ ಮಟ್ಟವನ್ನು ಮೇಲಕ್ಕೆ ಏರಿಸಿಕೊಳ್ಳುತ್ತದೆ. ಸೋಂಕಿನ ಜ್ವರವು ಮೆದುಳಿಗೆ ಹಾನಿ ಮಾಡುವ 107 ಡಿಗ್ರಿಯ ಆಸುಪಾಸಿಗೆ ಹೋಗುವುದು ತೀರಾ ವಿರಳ. ಫಿಟ್ಸ್ ವಿಷಯದಲ್ಲಿಯೂ ಒಂದು ಮಾತು: ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ಎರಡರಿಂದ ಐದು ಮಂದಿಗೆ ಜ್ವರದ ಸೆಳೆತ ಬರುತ್ತದೆ. ಗಂಟೆಗಂಟೆಗೆ ಔಷಧಿ ಕುಡಿಸುವುದರಿಂದ ಅದನ್ನು ತಡೆಯಬಹುದೆಂದು ಅಧ್ಯಯನಗಳಲ್ಲಿ ಕಂಡುಬಂದಿಲ್ಲ. ಬಂದರೆ ಮಗುವನ್ನು ಮಗ್ಗುಲಾಗಿ ಮಲಗಿಸಿ, ಗಡಿಯಾರ ನೋಡಿರಿ. ಬಾಯಿಗೆ ಚಮಚ ತುರುಕುವುದು, ಕೈಗೆ ಕಬ್ಬಿಣ ಕೊಡುವುದು ಬೇಡ. ಐದು ನಿಮಿಷಕ್ಕೂ ನಿಲ್ಲದಿದ್ದರೆ ತಕ್ಷಣ ಆಸ್ಪತ್ರೆಗೆ ಹೊರಡಿರಿ. ಮೊದಲ ಸಲ ಬಂದದ್ದಾದರೆ ನಿಂತ ಮೇಲೆಯೂ ವೈದ್ಯರಿಗೆ ತೋರಿಸಿರಿ.

ಪೊನ್ನಂಪೇಟೆಯ ಅಜ್ಜಿ
ದಾದಿಯಮ್ಮನವರು ಹೇಳುವುದು ಪುಸ್ತಕದ ಪ್ರಕಾರ ಸರಿಯಿರಬಹುದು. ಆದರೆ ಕಕ್ಕಡ ತಿಂಗಳ ಮಳೆಯಲ್ಲಿ, ಗೋಡೆಯೇ ಬೆವರುವ ಮನೆಯಲ್ಲಿ ಮಗುವಿಗೆ ಜ್ವರ ಬಂದರೆ ನಾವು ಕಂಬಳಿ ಹೊದಿಸಿ, ಕರಿಮೆಣಸಿನ ಕಷಾಯ ಕುಡಿಸಿ, ಬೆವರಿಸಿಯೇ ಜ್ವರ ಇಳಿಸಿದವರು. ಈಗಿನವರು ಬಟ್ಟೆ ಬಿಚ್ಚಿ ತಣ್ಣೀರಿನಲ್ಲಿ ಒರೆಸುತ್ತಾರೆ. ಮಗು ನಡುಗುವುದನ್ನು ನೋಡಲಾಗುವುದಿಲ್ಲ.

ನಿವೃತ್ತ ದಾದಿ, ಮಡಿಕೇರಿ
ಅಜ್ಜಿ, ತಣ್ಣೀರಿನ ಬಗ್ಗೆ ನಿಮ್ಮ ಮಾತಿಗೆ ನನ್ನ ಪೂರ್ಣ ಒಪ್ಪಿಗೆಯಿದೆ. ನಡುಕ ಹುಟ್ಟಿದರೆ ಒಳಗಿನ ಶಾಖ ಇನ್ನೂ ಏರುತ್ತದೆ. ಆದರೆ ಕಂಬಳಿಯೊಳಗೆ ಬಿಗಿದಿಡುವುದೂ ಬೇಡ. ಮಗುವಿಗೆ ಚಳಿಯಾಗುತ್ತಿದ್ದರೆ ಒಂದು ಹೊದಿಕೆ, ಚಳಿ ಬಿಟ್ಟ ಮೇಲೆ ತೆಳು ಬಟ್ಟೆ, ಅಷ್ಟು ಸಾಕು. ಖಾರದ ಕಷಾಯ ಹಸುಗೂಸುಗಳಿಗೆ ಖಂಡಿತ ಬೇಡ.

ಔಷಧಿ ಅಂಗಡಿ, ಕುಶಾಲನಗರ
ಇಲ್ಲಿಯವರೆಗೆ ಯಾರೂ ಬಾಟಲಿಯ ವಿಷಯ ಎತ್ತಲಿಲ್ಲ. ನನಗೆ ಅದೇ ದೊಡ್ಡ ಭಯ. ಪ್ಯಾರಸಿಟಮಾಲ್ ನಮ್ಮಲ್ಲಿ ಮುಖ್ಯವಾಗಿ ಮೂರು ಬಲದಲ್ಲಿ ಬರುತ್ತದೆ: ಶಿಶುಗಳ ಡ್ರಾಪ್ಸ್‌ನಲ್ಲಿ ಒಂದು ಮಿಲಿಲೀಟರಿಗೆ 100 ಮಿಲಿಗ್ರಾಂ, ಸಿರಪ್‌ಗಳಲ್ಲಿ ಐದು ಮಿಲಿಲೀಟರಿಗೆ 120 ಇಲ್ಲವೇ 250. ಒಂದು ಸಲದ ಪ್ರಮಾಣ ಮಗುವಿನ ತೂಕದ ಪ್ರತಿ ಕಿಲೋಗೆ 10ರಿಂದ 15 ಮಿಲಿಗ್ರಾಂ. ಅಂದರೆ ಹತ್ತು ಕಿಲೋ ಮಗುವಿಗೆ ಹೆಚ್ಚೆಂದರೆ 150. ಅದು ಡ್ರಾಪ್ಸ್‌ನಲ್ಲಿ ಒಂದೂವರೆ ಮಿಲಿಲೀಟರ್, 250ರ ಸಿರಪ್‌ನಲ್ಲಿ ಮೂರು, 120ರದ್ದರಲ್ಲಿ ಆರಕ್ಕಿಂತ ಸ್ವಲ್ಪ ಹೆಚ್ಚು. ಡ್ರಾಪ್ಸ್ ಬಾಟಲಿಯಿಂದ ಅಡುಗೆಮನೆಯ ಚಮಚದಲ್ಲಿ ಐದು ಮಿಲಿಲೀಟರ್ ಸುರಿದರೆ ಮಗುವಿನ ಹೊಟ್ಟೆಗೆ 500 ಹೋಗುತ್ತದೆ, ಅದರ ಪೆಟ್ಟು ಬೀಳುವುದು ಯಕೃತ್ತಿಗೆ. ತೋಟದ ಕಾರ್ಮಿಕರ ಲೈನ್ ಮನೆಗಳಲ್ಲಿ ಒಂದೇ ಬಾಟಲಿ ನಾಲ್ಕು ಮನೆಗಳ ಮಕ್ಕಳಿಗೆ ಓಡಾಡುತ್ತದೆ; ಲೇಬಲ್ ಮಳೆಗೆ ಒದ್ದೆಯಾಗಿ ಕಿತ್ತುಹೋಗಿರುತ್ತದೆ. ಹಾಗಾಗಿ ಅಳತೆಯ ಸಿರಿಂಜ್ ಕೇಳಿ ಪಡೆಯಿರಿ, ಕನಿಷ್ಠ ನಾಲ್ಕು ಗಂಟೆಯ ಅಂತರ ಬಿಡಿರಿ, ಶೀತದ ಸಿರಪ್‌ನಲ್ಲಿಯೂ ಪ್ಯಾರಸಿಟಮಾಲ್ ಇದೆಯೇ ಎಂದು ಓದಿರಿ. ಆಸ್ಪಿರಿನ್ ಮಕ್ಕಳಿಗೆ ಸಲ್ಲದು. ನಿಮೆಸುಲೈಡ್ ಅನ್ನು ಹನ್ನೆರಡು ವರ್ಷದೊಳಗಿನವರಿಗೆ ಕೊಡುವುದನ್ನು ಸರ್ಕಾರ 2011ರಲ್ಲಿಯೇ ನಿಷೇಧಿಸಿದೆ. ಆದರೂ ಹಳೆಯ ಚೀಟಿ ಹಿಡಿದು ಕೇಳಲು ಬರುವವರಿದ್ದಾರೆ.

ನಾಪೋಕ್ಲುವಿನ ತಂದೆ
“ಮಗುವನ್ನು ನೋಡಿ, ಅಂಕಿಯನ್ನಲ್ಲ” ಎಂಬುದು ಮಡಿಕೇರಿಯಲ್ಲಿ ಆಸ್ಪತ್ರೆಯ ಪಕ್ಕ ಕುಳಿತವರಿಗೆ ಹೇಳಲು ಸುಲಭ. ಕಾವೇರಿ ಉಕ್ಕಿ ನಮ್ಮ ರಸ್ತೆಯ ಮೇಲೆ ನೀರು ನಿಂತ ದಿನ, ಕರೆಂಟ್ ಇಲ್ಲ, ನೆಟ್‌ವರ್ಕ್ ಇಲ್ಲ. ಕತ್ತಲಾಗುವ ಮೊದಲೇ ಹೊರಡಬೇಕೋ ಬೇಡವೋ ಎಂದು ತೀರ್ಮಾನಿಸಬೇಕು. ಆಗ 104 ಎಂಬ ಅಂಕಿಯನ್ನು ಬಿಟ್ಟರೆ ನಮ್ಮ ಕೈಯಲ್ಲಿ ಬೇರೇನಿದೆ?

ನಿವೃತ್ತ ದಾದಿ, ಮಡಿಕೇರಿ
ದೂರದಲ್ಲಿರುವವರು ಬೇಗ ಹೊರಡುವುದೇ ಸರಿ, ಅದರಲ್ಲಿ ನನ್ನ ತಕರಾರಿಲ್ಲ. ಆದರೆ ನಿಮ್ಮ ಕೈಯಲ್ಲಿ ಇನ್ನೊಂದು ಅಂಕಿಯೂ ಇದೆ. ಮಗು ಅಳದೆ ಇರುವಾಗ ಅಂಗಿ ಮೇಲೆತ್ತಿ, ಹೊಟ್ಟೆಯ ಏರಿಳಿತವನ್ನು ಪೂರ್ತಿ ಒಂದು ನಿಮಿಷ ಎಣಿಸಿರಿ. ಎರಡು ತಿಂಗಳಿಂದ ಒಂದು ವರ್ಷದವರೆಗೆ 50, ಒಂದರಿಂದ ಐದು ವರ್ಷದವರೆಗೆ 40 ಅಥವಾ ಅದಕ್ಕಿಂತ ಹೆಚ್ಚು ಬಂದರೆ, ಇಲ್ಲವೇ ಉಸಿರೆಳೆದಾಗ ಪಕ್ಕೆ ಒಳಕ್ಕೆ ಸೆಳೆದರೆ, ಜ್ವರ 101 ಇದ್ದರೂ ಹೊರಡಿರಿ. ಕುಡಿದದ್ದೆಲ್ಲ ವಾಂತಿಯಾಗುವುದು, ಮೂತ್ರ ಕಡಿಮೆಯಾಗುವುದು, ಎಬ್ಬಿಸಿದರೂ ಮಂಕಾಗಿರುವುದು, ಕುತ್ತಿಗೆ ಬಿಗಿಯುವುದು, ಒತ್ತಿದರೂ ಮಾಸದ ಚುಕ್ಕೆಗಳು ಮೂಡುವುದು, ಇವು ಕಂಡರೂ ತಡಮಾಡಬಾರದು. ಮೂರು ತಿಂಗಳೊಳಗಿನ ಕೂಸಿಗಾದರೆ ಅಂಕಿಯೇ ಸಾಕು: 100.4 ಮುಟ್ಟಿತೆಂದರೆ ಅದೇ ದಿನ ವೈದ್ಯರ ಬಳಿ ಹೋಗಬೇಕು.

ಔಷಧಿ ಅಂಗಡಿ, ಕುಶಾಲನಗರ
ಒಂದು ಸೇರ್ಪಡೆ: ಡೆಂಗಿಯಲ್ಲಿ ಅಪಾಯ ಹೆಚ್ಚುವುದು ಜ್ವರ ಇಳಿಯುವ ಹೊತ್ತಿಗೆ, ಸಾಮಾನ್ಯವಾಗಿ ಮೂರನೆಯ ದಿನದಿಂದ ಏಳನೆಯ ದಿನದೊಳಗೆ. ಜ್ವರ ಬಿಟ್ಟಿತೆಂದು ನಿಶ್ಚಿಂತರಾಗದೆ ಹೊಟ್ಟೆನೋವು, ವಾಂತಿ, ಒಸಡಿನ ರಕ್ತ ಇವನ್ನು ಗಮನಿಸಬೇಕು. ಡೆಂಗಿಯ ಸಂಶಯವಿದ್ದರೆ ಐಬುಪ್ರೊಫೆನ್ ಕೊಡಬಾರದು.

ತೋಟದಮನೆ, ಸೋಮವಾರಪೇಟೆ
ನಮ್ಮ ಬಾಟಲಿಯ ಮೇಲೆ 250 ಎಂದಿದೆ, ಮಗನ ತೂಕ ಹನ್ನೊಂದು ಕಿಲೋ. ಉಸಿರನ್ನು ಎಣಿಸಿದೆ, 30 ಬಂತು. ಔಷಧಿಗಾಗಿ ರಾತ್ರಿ ಎಬ್ಬಿಸುವುದಿಲ್ಲ. ಅತ್ತೆಯವರು ಮಾತ್ರ ಇನ್ನೂ ಒಪ್ಪಿಲ್ಲ. ಮಗುವಿನ ಪಕ್ಕದಲ್ಲಿಯೇ ಮಲಗುತ್ತೇನೆ ಎಂದಿದ್ದಾರೆ.

ನಿವೃತ್ತ ದಾದಿ, ಮಡಿಕೇರಿ
ಮಲಗಲಿ, ಒಳ್ಳೆಯದೇ. ಜ್ವರ ಮೂರು ದಿನ ದಾಟಿದರೆ ಮಗು ಆಡುತ್ತಿದ್ದರೂ ವೈದ್ಯರಿಗೆ ತೋರಿಸಿರಿ.