ನ್ಯೂಜೆರ್ಸಿಯಲ್ಲಿ ಮನೆ ಕೊಳ್ಳುವುದು: ರಸ್ತೆಯ ಈಚೆಯ ಶಾಲೆಯೋ, ಆಚೆಯದೋ?

ಸುಮಾ: ಮಗಳು ಮುಂದಿನ ವರ್ಷ ಒಂದನೇ ತರಗತಿ. ಮನೆ ಹುಡುಕುತ್ತಿದ್ದೇವೆ. ರಸ್ತೆಯ ಈಚೆಗೂ ಆಚೆಗೂ ಮನೆಯ ಬೆಲೆಯಲ್ಲಿ ಅಜಗಜಾಂತರ, ಏಕೆಂದರೆ ಶಾಲಾ ಜಿಲ್ಲೆಯ ಗಡಿ ನಡುವೆ ಹಾದುಹೋಗಿದೆ; ಮನೆ ಯಾವ ಶಾಲಾ ಜಿಲ್ಲೆಯಲ್ಲಿದೆಯೋ ಸಾಮಾನ್ಯವಾಗಿ ಆ ಜಿಲ್ಲೆಯ ಸರ್ಕಾರಿ ಶಾಲೆಗೇ ಮಗು ಹೋಗಬೇಕು. ಆಚೆಯ ಮೈದಾನದಲ್ಲಿ ಕಂಡವರು ಬಹುತೇಕ ಕಪ್ಪು ಮತ್ತು ಲ್ಯಾಟಿನೋ ಮಕ್ಕಳು. ಈಚೆ ಬಿಳಿಯರು ಮತ್ತು ನಮ್ಮ ಭಾರತೀಯರು. ಕಪ್ಪು, ಬಿಳಿ ಮಕ್ಕಳಿಗೆ ಬೇರೆ ಬೇರೆ ಶಾಲೆ ಕೂಡದೆಂದ ಅಮೆರಿಕದ ಸುಪ್ರೀಂ ಕೋರ್ಟಿನ 1954ರ ಬ್ರೌನ್ ತೀರ್ಪಿನೊಂದಿಗೆ ಇದೆಲ್ಲ ಮುಗಿಯಿತೆಂದು ಓದಿದ್ದೆ. ಹಾಗಾದರೆ ಇದೇನು?

ರಾಘವೇಂದ್ರ: ಬ್ರೌನ್ ತೀರ್ಪಿನಿಂದ ರದ್ದಾದದ್ದು ಮಕ್ಕಳನ್ನು ಬೇರ್ಪಡಿಸುತ್ತಿದ್ದ ಕಾನೂನು. ಗಡಿಗಳು ಹಾಗೆಯೇ ಉಳಿದವು. ಡೆಟ್ರಾಯಿಟ್ ನಗರದ ಮಕ್ಕಳನ್ನು ಸುತ್ತಲಿನ ಉಪನಗರಗಳ ಮಕ್ಕಳೊಂದಿಗೆ ಬೆರೆಸಿ ಓದಿಸುವ ಯೋಜನೆಯನ್ನು 1974ರಲ್ಲಿ ಸುಪ್ರೀಂ ಕೋರ್ಟ್ 5–4ರ ಬಹುಮತದಿಂದ ತಳ್ಳಿಹಾಕಿತು. ಉಪನಗರಗಳೇ ತಾರತಮ್ಯ ಮಾಡಿದ್ದು ಸಾಬೀತಾಗದೆ ಅವುಗಳನ್ನು ಎಳೆದು ತರುವಂತಿಲ್ಲ ಎಂದಿತು. ಬೆರೆತ ಶಾಲೆ ಬೇಡವೆನ್ನುವ ಅನುಕೂಲಸ್ಥರಿಗೆ ಗಡಿ ದಾಟಿ ಉಪನಗರದಲ್ಲಿ ಮನೆ ಮಾಡಿದರೆ ಸಾಕಾಯಿತು.

ಗಿರೀಶ್: ಹತ್ತು ವರ್ಷ ಬಾಡಿಗೆ ಮನೆಯಲ್ಲಿದ್ದು, ಸಾಲ ಮಾಡಿ, ಮಕ್ಕಳ ಓದಿಗಾಗಿ ಮನೆ ಕೊಂಡೆ. ಯಾರ ಬಣ್ಣವನ್ನೂ ನೋಡಲಿಲ್ಲ. ನನ್ನನ್ನು ಅಪರಾಧಿಯಂತೆ ಕಾಣುವುದನ್ನು ಒಪ್ಪುವುದಿಲ್ಲ. ಅಲ್ಲದೆ ಬಡ ಜಿಲ್ಲೆಗಳ ಶಾಲೆಗಳಿಗೆ ಹೆಚ್ಚು ಹಣ ಕೊಡಬೇಕೆಂದ ಆಬಟ್ ಪ್ರಕರಣದ ತೀರ್ಪುಗಳ ನಂತರ ನಮ್ಮ ರಾಜ್ಯ ಬಡ ಜಿಲ್ಲೆಗಳಿಗೆ ಸಾಕಷ್ಟು ಹಣ ಕೊಡುತ್ತಿದೆಯಲ್ಲ?

ಮೀನಾಕ್ಷಿ: ಗಿರೀಶ್ ಅವರೇ, ನಾನು ಅಂತಹ ‘ಆಚೆಯ’ ಶಾಲೆಯೊಂದರಲ್ಲಿ ಪಾಠ ಮಾಡುತ್ತೇನೆ. ಹಣ ಬಂದದ್ದು ನಿಜ, ಅದರಿಂದ ಉಪಯೋಗವೂ ಆಗಿದೆ. ಆದರೆ ನನ್ನ ತರಗತಿಯ ಮಕ್ಕಳೆಲ್ಲರೂ ಬಡವರೇ. ಬಾಡಿಗೆ ಕಟ್ಟಲಾಗದೆ ವರ್ಷದ ನಡುವೆ ಮೂವರು ಊರು ಬಿಟ್ಟರು. ಮನೆ ಕೊಳ್ಳುವವರು ನೋಡುವ, ಶಾಲೆಗಳಿಗೆ ಜಾಲತಾಣಗಳು ಕೊಡುವ ಅಂಕದಲ್ಲಿ ಇದಾವುದೂ ಕಾಣುವುದಿಲ್ಲ. ನೀವು ಬಣ್ಣ ನೋಡಿಲ್ಲ, ನಂಬುತ್ತೇನೆ. ಆದರೆ 1930ರ ದಶಕದಲ್ಲಿ ಕಪ್ಪು ಜನರ ಬಡಾವಣೆಗಳಿಗೆ ನಕ್ಷೆಯಲ್ಲಿ ಕೆಂಪು ಬಳಿದು, ಅಲ್ಲಿ ಸಾಲ ಕೊಡುವುದು ಅಪಾಯವೆಂದು ಗುರುತು ಹಾಕಿದವರು ನೋಡಿಯೇ ಹಾಕಿದ್ದರು. ಅಂದು ಸಾಲ ಸಿಗದವರ ವಂಶದ ಮಕ್ಕಳಿಗೆ ನಾನು ಪಾಠ ಹೇಳುತ್ತಿದ್ದೇನೆ.

ಶಿವಣ್ಣ, ಮೈಸೂರು: ನಮ್ಮಲ್ಲಿಯೂ ಶಿಕ್ಷಣ ಹಕ್ಕು ಕಾಯ್ದೆಯಂತೆ ಖಾಸಗಿ ಶಾಲೆಗಳು ಶೇ 25ರಷ್ಟು ಸೀಟುಗಳನ್ನು ಬಡ, ಹಿಂದುಳಿದ ಮಕ್ಕಳಿಗೆ ಕೊಡಬೇಕಿತ್ತು. ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಬೇಡವೆಂದು 2019–20ರ ಶಾಲಾ ವರ್ಷದ ಹೊತ್ತಿಗೆ ಕರ್ನಾಟಕದಲ್ಲಿ ನಿಯಮ ತಿದ್ದಿದರು. ಸೀಟುಗಳು ಕರಗಿಹೋದವು. ಸರ್ಕಾರಿ ಶಾಲೆ ಉಳಿಸಲು ಹಾಗೆ ಮಾಡಿದೆವು ಎಂದರು. ಉಳ್ಳವರ ಮಕ್ಕಳು ಮಾತ್ರ ಅಲ್ಲಿಗೆ ಬರಲಿಲ್ಲ.

ಗಿರೀಶ್: ಸರಿ, ಪರಿಹಾರವೇನು? ನನ್ನ ಮಗನೊಬ್ಬನನ್ನು ಆಚೆ ಕಳುಹಿಸಿದರೆ ಏನು ಬದಲಾಗುತ್ತದೆ?

ರಾಘವೇಂದ್ರ: ಒಬ್ಬರಿಂದ ಆಗದು, ಒಪ್ಪುತ್ತೇನೆ. ಗಡಿಯನ್ನೇ ಅಳಿಸಬೇಕು. 1971ರಲ್ಲಿ ನ್ಯೂಜೆರ್ಸಿಯ ಸುಪ್ರೀಂ ಕೋರ್ಟ್, ಮಾರಿಸ್‌ಟೌನ್ ಮತ್ತು ಅದನ್ನು ಸುತ್ತುವರಿದ ಮಾರಿಸ್ ಟೌನ್‌ಶಿಪ್‌ನ ಶಾಲೆಗಳನ್ನು ಒಂದುಗೂಡಿಸುವ ಅಧಿಕಾರ ಶಿಕ್ಷಣ ಆಯುಕ್ತರಿಗಿದೆ ಎಂದಿತು. ಒಂದುಗೂಡಿಸಿದರು. ಆ ಜಿಲ್ಲೆ ಇಂದಿಗೂ ನಡೆಯುತ್ತಿದೆ.

ಸುಮಾ: ಎಲ್ಲರಿಗೂ ಧನ್ಯವಾದ. ಆಚೆಯ ಶಾಲೆಗೆ ಫೋನ್ ಮಾಡಿದೆ. ಮಂಗಳವಾರ ಬೆಳಿಗ್ಗೆ ಒಂದನೇ ತರಗತಿಯಲ್ಲಿ ಒಂದು ಗಂಟೆ ಕೂರಲು ಒಪ್ಪಿದ್ದಾರೆ. ನನ್ನ ಯಜಮಾನರು ಇನ್ನೂ ಒಪ್ಪಿಲ್ಲ.